ಗೋಕುಲ ಬಿಟ್ಟ ಕಾರಣ

ಕೃಷ್ಣನ ಬಾಲ್ಯದ ಕಥೆಗಳನ್ನು ಕೇಳಿ ಬೆಳೆದ ನಮ್ಮಲ್ಲಿ ಬಹಳಷ್ಟು ಜನಕ್ಕೆ ಗೋಕುಲ, ವೃಂದಾವನ ಎನ್ನುವುದು ಒಂದೇ ಊರಿನ ಎರಡು ಹೆಸರು. ಬೆಣ್ಣೆ ಕದ್ದದ್ದು, ಒರಳು ಎಳೆದದ್ದು, ಕಾಳಿಂಗನ ಹೆಡೆಯ ಮೇಲೆ ಕುಣಿದದ್ದು, ಬೆಟ್ಟ ಎತ್ತಿದ್ದು ಎಲ್ಲವೂ ಅಲ್ಲೇ ಎಲ್ಲೋ ಯಮುನೆಯ ದಡದಲ್ಲಿ ಆಯಿತು ಎಂದುಕೊಂಡಿರುತ್ತೇವೆ. ಆದರೆ ಒರಳು ಎಳೆದದ್ದಕ್ಕೂ ಕಾಳಿಂಗನನ್ನು ಮಣಿಸಿದ್ದಕ್ಕೂ ನಡುವೆ ಒಂದು ದೊಡ್ಡ ಘಟನೆ ಇದೆ. ನಂದನ ಮನೆಯವರು, ಅವನ ಬಳಗದವರು ಎಲ್ಲರೂ ತಮ್ಮ ದನಕರು, ಗಾಡಿ, ಗಡಿಗೆ, ಕಡೆಗೋಲು ಸಮೇತ ಇದ್ದ ಜಾಗ ಬಿಟ್ಟು ಬೇರೆ ಕಾಡಿಗೆ ಹೋಗಿ ನೆಲೆಸುತ್ತಾರೆ. ಹೈನವನ್ನೇ ನಂಬಿದ ಒಂದು ಕುಲ ಇಡಿಯಾಗಿ ಸ್ಥಳಾಂತರವಾಗುತ್ತದೆ. ಇಂಥ ಘಟನೆ ನಮ್ಮ ನೆನಪಿನಿಂದ ಹೀಗೆ ಜಾರಿಹೋದದ್ದು ಹೇಗೆ ಎಂಬ ಕುತೂಹಲದಿಂದಲೇ ನಾನು ಇದನ್ನು ಹೇಳುವ ಮೂರು ಗ್ರಂಥಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ಹರಿವಂಶದ ವಿಷ್ಣುಪರ್ವದಲ್ಲಿ ಇದು ಪ್ರಚಲಿತ ಪಾಠದ 8 ಮತ್ತು 9ನೆಯ ಅಧ್ಯಾಯ; ವಿಷ್ಣುಪುರಾಣದಲ್ಲಿ 5ನೆಯ ಅಂಶದ 6ನೆಯ ಅಧ್ಯಾಯ; ಭಾಗವತದಲ್ಲಿ 10ನೆಯ ಸ್ಕಂಧದ 11ನೆಯ ಅಧ್ಯಾಯ. ಕಾಲದ ದೃಷ್ಟಿಯಿಂದಲೂ ವಿದ್ವಾಂಸರು ಸಾಮಾನ್ಯವಾಗಿ ಇದೇ ಕ್ರಮವನ್ನು ಹೇಳುತ್ತಾರೆ.

ಮೂರರಲ್ಲೂ ಗೊಲ್ಲರು ಹೊರಡುತ್ತಾರೆ, ಮೂರರಲ್ಲೂ ಸುಖವಾಗಿ ತಲುಪುತ್ತಾರೆ. ಆದರೆ ಯಾಕೆ ಹೊರಟರು ಎಂಬುದಕ್ಕೆ ಮೂರೂ ಒಂದೇ ಉತ್ತರ ಕೊಡುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಾರಣಗಳ ವ್ಯತ್ಯಾಸ.

ಹರಿವಂಶದಿಂದಲೇ ಶುರು ಮಾಡಬೇಕು, ಏಕೆಂದರೆ ಅಲ್ಲಿ ಇರುವುದು ಉಳಿದೆರಡರಲ್ಲಿ ಇಲ್ಲ. ರಾಮಕೃಷ್ಣರಿಗೆ ಏಳು ವರ್ಷ. ಕರು ಕಾಯುವ ಹುಡುಗರು. ಎಲೆಯ ಪೀಪಿ ಊದಿಕೊಂಡು, ನವಿಲುಗರಿ ಸಿಕ್ಕಿಸಿಕೊಂಡು ಅಲೆಯುವ ವಯಸ್ಸು. ಒಂದು ದಿನ ಕೃಷ್ಣ ಅಣ್ಣನ ಹತ್ತಿರ ಮಾತು ತೆಗೆಯುತ್ತಾನೆ. ಈ ಕಾಡನ್ನು ನಾವು ತಿಂದು ಮುಗಿಸಿದ್ದೇವೆ ಎನ್ನುವುದು ಅವನ ಮಾತಿನ ಸಾರ. ಹುಲ್ಲಿಲ್ಲ, ಸೌದೆ ಇಲ್ಲ. ಒತ್ತಾಗಿ ಬೆಳೆದಿದ್ದ ತೋಪುಗಳ ನಡುವೆ ಈಗ ಆಕಾಶ ಕಾಣುತ್ತದೆ. ದೊಡ್ಡಿಗೆ, ದೊಡ್ಡಿಯ ಅಗುಳಿಗೆ ಎಂದು ಕಡಿದ ಮರಗಳೆಲ್ಲ ಕೊನೆಗೆ ಕೊಟ್ಟಿಗೆಯ ಬೆಂಕಿಗೆ ಹೋದವು. ಮೊದಲು ಮನೆಯ ಮಗ್ಗುಲಲ್ಲೇ ಸಿಗುತ್ತಿದ್ದ ಹುಲ್ಲು, ಸೌದೆಗಳಿಗೆ ಈಗ ದೂರ ಹೋಗಬೇಕು. ನೀರು ಕಡಿಮೆಯಾಗಿದೆ, ನೆರಳಿಲ್ಲ, ಹಕ್ಕಿಗಳೂ ಮರ ಬಿಟ್ಟು ಹೋಗಿವೆ.

ಇಷ್ಟರವರೆಗೆ ಇದನ್ನು ಯಾವ ಕವಿಯಾದರೂ ಕೂತಲ್ಲೇ ಊಹಿಸಿ ಬರೆಯಬಹುದಿತ್ತು. ಮುಂದಿನ ಮಾತು ಹಾಗಲ್ಲ. ದನಗಳ ಸಗಣಿ, ಗಂಜಲ ಬಿದ್ದು ಬಿದ್ದು ಚೌಳು ಹಿಡಿದ ನೆಲದಲ್ಲಿ ಬೆಳೆದ ಹುಲ್ಲನ್ನು ಹಸುಗಳು ಮೂಸಿ ಬಿಡುತ್ತವೆ, ಹೊಟ್ಟೆಗಿಲ್ಲದೆ ತಿಂದರೂ ಆ ಹುಲ್ಲು ಹಾಲಿಗೆ ಒಳ್ಳೆಯದಲ್ಲ ಎನ್ನುತ್ತಾನೆ ಆ ಹುಡುಗ. ನಾಲ್ಕು ಹಸು ಕಟ್ಟಿದವರು ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ದನ ತಾನು ಸಗಣಿ ಹಾಕಿದ ಕಡೆ ಎದ್ದು ನಿಂತ ಹಸಿರು ಹುಲ್ಲಿಗೆ ಬಾಯಿ ಹಾಕುವುದಿಲ್ಲ. ಸುತ್ತ ಮೇಯ್ದು ಅದೊಂದು ಕುಚ್ಚನ್ನು ಹಾಗೇ ಬಿಡುತ್ತದೆ. ಈ ಶ್ಲೋಕ ಬರೆದವನು ದನದ ಹಿಂದೆ ನಡೆದವನು, ಇಲ್ಲವೇ ನಡೆದವರ ಮಾತನ್ನು ಗಮನ ಕೊಟ್ಟು ಕೇಳಿದವನು. ಸಾವಿರಾರು ಶ್ಲೋಕಗಳ ಆ ಗ್ರಂಥದಲ್ಲಿ ಕಸುಬಿನ ವಾಸನೆ ಇಷ್ಟು ಗಾಢವಾಗಿರುವ ಜಾಗಗಳು ಹೆಚ್ಚಿಲ್ಲ.

ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯವಾಗಿ ಕಂಡಿತು. ಕಾಡಿನ ಸೌದೆಯನ್ನು, ಕಾಡಿನ ಸೊಪ್ಪುಸದೆಯನ್ನು ಮಾರುವುದು ನಡೆದಿದೆ, ನಮ್ಮ ಹಟ್ಟಿ ಪಟ್ಟಣದ ವೇಷ ಹಾಕುತ್ತಿದೆ ಎಂದು ಕೃಷ್ಣ ದೂರುತ್ತಾನೆ. ಕಾಡು ಬರಿದಾದದ್ದು ದನಗಳ ಹೊಟ್ಟೆಯಿಂದ ಮಾತ್ರ ಅಲ್ಲ ಎಂದಾಯಿತು. ಯಾರೋ ಮಾರುತ್ತಿದ್ದರು, ಯಾರೋ ಕೊಳ್ಳುತ್ತಿದ್ದರು. ಕೊಳ್ಳುವವರು ಯಾರೆಂದು ಪಠ್ಯ ಹೇಳುವುದಿಲ್ಲ. ಹತ್ತಿರದ ದೊಡ್ಡ ಊರು ಮಥುರೆ, ಅದು ಕಂಸನ ಊರು. ನಂದನೇ ಅಲ್ಲಿಗೆ ಗಾಡಿ ಹೂಡಿಕೊಂಡು ಹೋಗಿ ಕಂದಾಯ ಕಟ್ಟಿ ಬರುತ್ತಿದ್ದ ಎಂದು ವಿಷ್ಣುಪುರಾಣವೂ ಭಾಗವತವೂ ಹೇಳುತ್ತವೆ. ಕಂದಾಯದ ದುಡ್ಡು ಬೆಣ್ಣೆಯೊಂದರಿಂದಲೇ ಹುಟ್ಟುತ್ತಿತ್ತೇ, ಸೌದೆಯ ಹೊರೆಯಿಂದಲೂ ಹುಟ್ಟುತ್ತಿತ್ತೇ? ಇದು ನನ್ನ ಊಹೆ. ಆದರೆ ಮಾರಾಟದ ಮಾತನ್ನು ಎತ್ತಿ ಊಹೆಗೆ ಎಡೆ ಮಾಡಿಕೊಟ್ಟದ್ದು ಕವಿಯೇ.

ಆಮೇಲೆ ಆ ಹುಡುಗ ಗೊಲ್ಲರ ಬದುಕಿನ ಒಂದು ಸೂತ್ರವನ್ನೇ ಹೇಳಿಬಿಡುತ್ತಾನೆ. ಬೆಟ್ಟಕ್ಕೆ ಹಟ್ಟಿ ಶೋಭೆ, ಹಟ್ಟಿಗೆ ಕಾಡು, ಕಾಡಿಗೆ ಹಸು, ಆ ಹಸುವೇ ನಮಗೆ ಗತಿ ಎಂಬ ಸರಪಳಿ ಅದು. ಗೊಲ್ಲರೆಂದರೆ ಬಾಗಿಲು, ಬೇಲಿ, ಮನೆ, ಹೊಲ ಎಂದು ಕಟ್ಟಿಹಾಕಿಕೊಳ್ಳದೆ ತಿರುಗುವ ಜನ ಎಂದೂ ಸೇರಿಸುತ್ತಾನೆ. ಅವನ ದೃಷ್ಟಿಯಲ್ಲಿ ಹೊಸ ಕಾಡಿಗೆ ಹೋಗುವುದು ಆಪತ್ತಿನ ಪಲಾಯನವಲ್ಲ, ಮರೆತುಹೋಗಿದ್ದ ಕಸುಬಿನ ನಿಯಮಕ್ಕೆ ಮರಳುವುದು.

ಈ ನಿಯಮ ನಮಗೆ ಅಪರಿಚಿತವೇನಲ್ಲ. ಮೈಸೂರು ಅರಸರ ಅಮೃತಮಹಲ್ ದನಗಳಿಗೆ ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲುಗಳಿದ್ದವು. ಹಿಂಡು ಕಾಲಕ್ಕೆ ತಕ್ಕಂತೆ ಜಾಗ ಬದಲಿಸುತ್ತಿತ್ತು. ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರು ಇವತ್ತಿಗೂ ವರ್ಷದ ಬಹುಪಾಲು ಹಿಂಡಿನ ಜೊತೆ ಊರೂರು ತಿರುಗುತ್ತಾರೆ. ಹೊಲದವರು ರಾತ್ರಿ ಕುರಿ ಮಂದೆ ನಿಲ್ಲಿಸಿಕೊಂಡು ಕಾಳನ್ನೋ ದುಡ್ಡನ್ನೋ ಕೊಡುತ್ತಾರೆ. ಒಂದೇ ಕಡೆ ಬಿದ್ದರೆ ನೆಲ ಕೆಡಿಸುವ ಹಿಕ್ಕೆ, ಗಂಜಲಗಳು ತಿರುಗುತ್ತಾ ಬಿದ್ದರೆ ಗೊಬ್ಬರ. ನಮ್ಮ ಭೂಕಂದಾಯ ನಿಯಮ ನೂರು ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳ ಬಿಡಬೇಕು ಎಂದು ಲೆಕ್ಕ ಹಾಕಿ ಹೇಳುತ್ತದೆ. ಹರಿವಂಶದ ಹುಡುಗನ ಮುಂದೆ ಆ ಲೆಕ್ಕ ಇಟ್ಟಿದ್ದರೆ, 12 ಹೆಕ್ಟೇರು ಸರಿ, ಆದರೆ ಪ್ರತಿ ವರ್ಷವೂ ಅದೇ 12 ಹೆಕ್ಟೇರೇ ಎಂದು ಕೇಳುತ್ತಿದ್ದನೇನೋ.

ಸರಿ, ಕಾರಣ ಸಿಕ್ಕಿತು. ಹೋಗಬೇಕಾದ ಜಾಗವೂ ಅವನಿಗೆ ಗೊತ್ತು: ಯಮುನೆಯ ದಡದ ವೃಂದಾವನ, ಹೇರಳ ಹುಲ್ಲು, ಸಿಹಿನೀರು, ಕದಂಬದ ಮರಗಳು, ಬಳಿಯಲ್ಲಿ ಗೋವರ್ಧನ, ಭಾಂಡೀರವೆಂಬ ದೊಡ್ಡ ಆಲ. ಇನ್ನು ಹಿರಿಯರ ಹತ್ತಿರ ಹೋಗಿ ಇದನ್ನೆಲ್ಲ ಹೇಳಬೇಕು, ಅಷ್ಟೇ. ಅವನು ಹೇಳುವುದಿಲ್ಲ. ಹಟ್ಟಿಯನ್ನು ಹೆದರಿಸಿ ಎಬ್ಬಿಸೋಣ ಎಂದು ಅಣ್ಣನಿಗೆ ಹೇಳುತ್ತಾನೆ. ಹಾಗೆ ಯೋಚಿಸುತ್ತಿದ್ದಂತೆ ಅವನ ಮೈಯ ರೋಮಗಳಿಂದ ತೋಳಗಳು ಹುಟ್ಟುತ್ತವೆ. ಐದರ, ಹತ್ತರ, ಇಪ್ಪತ್ತರ, ನೂರರ ಗುಂಪುಗಳಾಗಿ ಹಟ್ಟಿಯ ಮೇಲೆ ಬೀಳುತ್ತವೆ. ಕರುಗಳನ್ನು ತಿನ್ನುತ್ತವೆ. ರಾತ್ರಿ ಹೊತ್ತು ಮಕ್ಕಳನ್ನು ಎತ್ತಿಕೊಂಡು ಹೋಗುತ್ತವೆ. ಕಾಡಿಗೆ ಹೋಗುವಂತಿಲ್ಲ, ದನ ಮೇಯಿಸುವಂತಿಲ್ಲ, ಹೊಳೆ ದಾಟುವಂತಿಲ್ಲ. ಆ ತೋಳಗಳ ಮುಖ ಕಪ್ಪು, ಮೈಮೇಲೆ ಶ್ರೀವತ್ಸದ ಗುರುತು. ಯಾರು ಕಳಿಸಿದ್ದೆಂಬ ಸಹಿ ಅವುಗಳ ಮೈಮೇಲೇ ಇತ್ತು. ಗೊಲ್ಲರು ಯಾರೂ ಅದನ್ನು ಓದಲಿಲ್ಲ.

ಈ ಭಾಗವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟೆ. ಮಕ್ಕಳನ್ನು ಕೂಡ ತೋಳ ಒಯ್ದವು ಎಂಬಲ್ಲಿ ಕವಿ ಒಂದಿಷ್ಟೂ ಮೆತ್ತಗಾಗುವುದಿಲ್ಲ. ಇದನ್ನು ಲೀಲೆ ಎಂದು ಕೈಮುಗಿದು ದಾಟಿಹೋಗುವುದು ಸುಲಭ. ನನಗೆ ಅದು ಸಾಧ್ಯವಾಗಲಿಲ್ಲ. ನಮ್ಮ ಗೋವಿನ ಹಾಡನ್ನೇ ನೆನೆಸಿಕೊಳ್ಳಿ. ಅಲ್ಲಿ ಹುಲಿ ಹೊರಗಿನದು, ಬೆಟ್ಟದ ಗವಿಯದು. ಅದರ ಹಸಿವು ಅದರದೇ, ಕೊನೆಯ ಪಶ್ಚಾತ್ತಾಪವೂ ಅದರದೇ. ಇಲ್ಲಿ ಮೃಗ ಬರುವುದು ದನ ಕಾಯುವವನ ಮೈಯಿಂದಲೇ. ಕಾಡನ್ನು ತಿಂದದ್ದೂ ಹಟ್ಟಿ, ಹಟ್ಟಿಯನ್ನು ತಿನ್ನಲು ಬಂದದ್ದೂ ಹಟ್ಟಿಯ ಹುಡುಗ. ಹೊರಗಿನ ಶತ್ರು ಯಾರೂ ಇಲ್ಲದ ಕಥೆ ಇದು.

ಬಾಯಿಮಾತಿಂದ ಒಪ್ಪಿಸುವುದು ಅವನಿಗೆ ಬರುತ್ತಿರಲಿಲ್ಲ ಎನ್ನುವಂತಿಲ್ಲ. ಕೆಲವೇ ಅಧ್ಯಾಯ ಮುಂದೆ, ಇಂದ್ರನ ಹಬ್ಬದ ಸಮಯದಲ್ಲಿ, ಇದೇ ಕೃಷ್ಣ ಇದೇ ಹಿರಿಯರ ಎದುರು ನಿಂತು ವಾದ ಮಾಡುತ್ತಾನೆ. ಉಳುವವರಿಗೆ ಬೇಸಾಯ ಹೇಗೋ, ವ್ಯಾಪಾರಿಗೆ ಸರಕು ಹೇಗೋ, ನಮಗೆ ದನ ಹಾಗೆ. ಆದ್ದರಿಂದ ನಾವು ಪೂಜಿಸಬೇಕಾದ್ದು ಹಸುವನ್ನು, ಬೆಟ್ಟವನ್ನು, ಕಾಡನ್ನು ಎಂದು ವಾದಿಸಿ ಗೆಲ್ಲುತ್ತಾನೆ. ಹಟ್ಟಿ ಒಪ್ಪುತ್ತದೆ. ಹಬ್ಬ ಬದಲಿಸಲು ಮಾತು ಸಾಕಾಯಿತು, ಜಾಗ ಬದಲಿಸಲು ತೋಳ ಬೇಕಾಯಿತು. ಇದು ಕವಿಯ ಅಜಾಗರೂಕತೆ ಎಂದು ನನಗನ್ನಿಸುವುದಿಲ್ಲ. ತಿರುಗುವುದೇ ಕಸುಬಾದ ಜನ ಒಂದು ಕಡೆ ನೆಲೆ ನಿಂತು, ಸೌದೆ ಮಾರಿ ನಾಲ್ಕು ಕಾಸು ಕಂಡಮೇಲೆ, ಹುಲ್ಲು ಮುಗಿದಿದೆ ಎಂಬ ಸುದ್ದಿಗೆ ಎದ್ದು ಹೊರಡುತ್ತಾರೆಯೇ? ಹುಲ್ಲು ಮುಗಿದದ್ದು ಅವರಿಗೆ ಗೊತ್ತಿರಲಿಲ್ಲವೇ? ಏಳು ವರ್ಷದ ಹುಡುಗ ಕಂಡದ್ದನ್ನು ಎಪ್ಪತ್ತು ವರ್ಷದ ಗೊಲ್ಲ ಕಾಣದೆ ಇರುವುದು ಹೇಗೆ? ದಿನವೂ ಸೌದೆಗೆ ಹೋಗುವ ಹೆಂಗಸರಿಗೆ, ದಾರಿ ತಿಂಗಳಿಂದ ತಿಂಗಳಿಗೆ ಉದ್ದವಾದದ್ದು ಕಾಲಿಗೇ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಹೇಳದ ಮಾತೊಂದು ಹಟ್ಟಿಯ ಮೇಲೆ ಕೂತಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಿಜವಾದ ಕಾರಣವನ್ನು ಕೇಳಿಸಿಕೊಂಡವನು ಬಲರಾಮ ಒಬ್ಬನೇ. ಮುಂದಿನ ಅಧ್ಯಾಯದಲ್ಲಿ ಹಿರಿಯರು ಸೇರಿ ಮಾತಾಡುವಾಗ ಅವರ ಬಾಯಲ್ಲಿ ಇರುವುದು ತೋಳದ ಮಾತು: ಇನ್ನೂ ಕೆಟ್ಟದ್ದು ಆಗುವ ಮೊದಲೇ, ಇವತ್ತೇ ಹೊರಡೋಣ. ಮರ ಕಡಿದ ಮಾತಿಲ್ಲ, ಮಾರಿದ ಮಾತಿಲ್ಲ, ಚೌಳಿನ ಮಾತಿಲ್ಲ. ಗೋಕುಲ ಯಾಕೆ ಬಿಟ್ಟೆವು ಎಂದು ಮುಂದೆ ಮೊಮ್ಮಕ್ಕಳು ಕೇಳಿದ್ದರೆ ಆ ಗೊಲ್ಲರು ತೋಳ ಬಿತ್ತು, ಮಗ, ಅದಕ್ಕೆ ಬಿಟ್ಟೆವು ಎಂದೇ ಹೇಳುತ್ತಿದ್ದರು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಈ ಬೆಳಕಿನಲ್ಲಿ ವಿಷ್ಣುಪುರಾಣವನ್ನು ತೆರೆದರೆ ಅದು ಗೊಲ್ಲರೇ ಹೇಳಿದ ಆವೃತ್ತಿಯ ಹಾಗೆ ಕಾಣುತ್ತದೆ. ಅಲ್ಲಿ ತೋಳಗಳೂ ಇಲ್ಲ. ಪೂತನಿ ಸತ್ತದ್ದು, ಗಾಡಿ ಮಗುಚಿದ್ದು, ಗಾಳಿ ಇಲ್ಲದೆ ಮರ ಉರುಳಿದ್ದು, ಇವೆಲ್ಲ ಉತ್ಪಾತಗಳು, ಜಾಗ ಒಳ್ಳೆಯದಲ್ಲ, ಹೊರಡೋಣ ಎಂದು ನಂದಾದಿ ಹಿರಿಯರು ತೀರ್ಮಾನಿಸುತ್ತಾರೆ. ಓದುಗರಿಗೆ ಗೊತ್ತು, ಆ ಮೂರರ ಹಿಂದೆಯೂ ಇದ್ದವನು ಆ ಮಗುವೇ. ಹಿರಿಯರಿಗೆ ಗೊತ್ತಿಲ್ಲ. ಹಾಗಾಗಿ ಭಯ ಪೂರ್ತಿ ಹೊರಗಿನದಾಗುತ್ತದೆ. ವೃಂದಾವನ ತಲುಪಿದ ಮೇಲಂತೂ ಹುಲ್ಲಿನ ಪ್ರಶ್ನೆಯೇ ಏಳದಂತೆ ಪುರಾಣ ನೋಡಿಕೊಳ್ಳುತ್ತದೆ. ಕೃಷ್ಣ ದನಗಳ ಒಳಿತನ್ನು ಬಯಸಿ ಆ ಕಾಡನ್ನು ಮನಸ್ಸಿನಲ್ಲಿ ನೆನೆದ. ಕಡುಬೇಸಿಗೆಯಲ್ಲೂ ಮಳೆಗಾಲದಂತೆ ಎಳೆಹುಲ್ಲು ಚಿಗುರಿತು. ಭಕ್ತಿಗೆ ಇದು ಸುಂದರ. ದನ ಕಾಯುವವನಿಗೆ ಈ ಹುಲ್ಲಿನಿಂದ ಕಲಿಯುವುದು ಏನೂ ಇಲ್ಲ, ಏಕೆಂದರೆ ಅದು ಮುಗಿಯುವ ಹುಲ್ಲಲ್ಲ.

ಭಾಗವತದಲ್ಲಿ ಮಾತಾಡುವವನು ಉಪನಂದ. ವಯಸ್ಸಿನಲ್ಲೂ ತಿಳಿವಳಿಕೆಯಲ್ಲೂ ಹಿರಿಯ, ದೇಶಕಾಲ ಬಲ್ಲವನು. ಅವನ ಭಾಷಣದ ಹೊರೆಯೆಲ್ಲ ಮಕ್ಕಳ ಮೇಲೆ: ರಕ್ಕಸಿಯಿಂದ ಈ ಮಗು ಹೇಗೋ ಉಳಿಯಿತು, ಗಾಡಿ ಮೈಮೇಲೆ ಬೀಳಲಿಲ್ಲ, ಸುಂಟರಗಾಳಿ ಹೊತ್ತೊಯ್ದರೂ ಬದುಕಿತು, ಮರಗಳ ನಡುವೆ ಸಿಕ್ಕೂ ಸಾಯಲಿಲ್ಲ, ಇನ್ನೊಂದು ಆಪತ್ತು ಬರುವ ಮುನ್ನ ಮಕ್ಕಳನ್ನು ಕರೆದುಕೊಂಡು ಹೊರಡೋಣ. ಹುಲ್ಲಿನ ಮಾತು ಇಲ್ಲಿಯೂ ಬರುತ್ತದೆ, ಆದರೆ ಬರುವ ಜಾಗ ಬದಲಾಗಿದೆ. ವೃಂದಾವನದಲ್ಲಿ ಒಳ್ಳೆಯ ಹುಲ್ಲಿದೆ, ದನಗಳಿಗೆ ಹಿತ ಎನ್ನುತ್ತಾನೆ ಉಪನಂದ. ಗೋಕುಲದಲ್ಲಿ ಹುಲ್ಲು ಮುಗಿಯಿತು ಎನ್ನುವುದಿಲ್ಲ. ಹೊಸ ಜಾಗದ ಗುಣವಾಗಿ ಹುಲ್ಲು ಉಳಿಯಿತು, ಹಳೆಯ ಜಾಗವನ್ನು ನಾವೇ ಕೆಡಿಸಿದೆವು ಎಂಬ ಮಾತು ಹೋಯಿತು. ಊರು ಬಿಟ್ಟವರ ಮಾತಿನಲ್ಲಿ ಇಂಥ ಸಣ್ಣ ಸ್ಥಾನಪಲ್ಲಟ ಬಹಳ ಸಲ ಆಗುತ್ತದೆ.

ಹಾಗೆಂದು ಭಾಗವತವನ್ನು ತೀರ ಕಡೆಗಣಿಸಲಾರೆ. ಹರಿವಂಶದ ಹಟ್ಟಿಯನ್ನು ಹೆದರಿಸಿ ಎಬ್ಬಿಸಲಾಗುತ್ತದೆ. ಭಾಗವತದ ಹಟ್ಟಿಯನ್ನು ಒಬ್ಬ ಮುದುಕ ಕೂರಿಸಿಕೊಂಡು ಮಾತಾಡಿಸುತ್ತಾನೆ, ಎಲ್ಲರೂ ಸರಿ ಸರಿ ಎನ್ನುತ್ತಾರೆ. ಮುದುಕರು, ಮಕ್ಕಳು, ಹೆಂಗಸರು ಗಾಡಿ ಹತ್ತುತ್ತಾರೆ. ದನ ಮುಂದೆ, ಬಿಲ್ಲು ಹಿಡಿದ ಗೊಲ್ಲರು ಜೊತೆಗೆ. ಯಶೋದೆ, ರೋಹಿಣಿಯರು ತಮ್ಮಿಬ್ಬರು ಹುಡುಗರೊಂದಿಗೆ ಒಂದೇ ಗಾಡಿಯಲ್ಲಿ ಕೂತು ಗೋಪಿಯರ ಹಾಡು ಕೇಳುತ್ತಾ ಹೋಗುವ ಚಿತ್ರ ನನಗೆ ಬಹಳ ಇಷ್ಟ. ಯಾರೊಬ್ಬರನ್ನೂ ಬಿಟ್ಟುಹೋಗದ ಸ್ಥಳಾಂತರ ಅದು. ಹರಿವಂಶದಲ್ಲಿ ಸತ್ಯ ಹೆಚ್ಚಿದೆ, ಭಾಗವತದಲ್ಲಿ ಮರ್ಯಾದೆ ಹೆಚ್ಚಿದೆ. ಎರಡನ್ನೂ ಒಟ್ಟಿಗೆ ಇಟ್ಟ ಪಠ್ಯವೊಂದು, ಅಂದರೆ ಹಿರಿಯರ ಸಭೆಯಲ್ಲೇ ಯಾರಾದರೂ ಎದ್ದು ನಿಂತು ಕಾಡನ್ನು ನಾವೇ ಮುಗಿಸಿದೆವು ಎಂದು ಹೇಳುವ ಪಠ್ಯ, ಈ ಮೂರರಲ್ಲಿ ಇಲ್ಲ.

ಕನ್ನಡಕ್ಕೆ ಕೃಷ್ಣ ಬಂದ ದಾರಿಯನ್ನು ನೋಡಿದರೆ ನಮಗೆ ಈ ವಲಸೆ ಯಾಕೆ ಮಸುಕಾಯಿತು ಎಂಬುದೂ ಸ್ವಲ್ಪ ತಿಳಿಯುತ್ತದೆ. 12ನೆಯ ಶತಮಾನದ ಕೊನೆಯ ರುದ್ರಭಟ್ಟ ಜಗನ್ನಾಥವಿಜಯಕ್ಕೆ ವಿಷ್ಣುಪುರಾಣವನ್ನು ಆಧಾರವಾಗಿಟ್ಟುಕೊಂಡ. ಚಾಟುವಿಠ್ಠಲನಾಥ ಭಾಗವತವನ್ನು ಕನ್ನಡಿಸಿದ. ಹರಿದಾಸರ ಮನಸ್ಸು ತುಂಬಿದ್ದೂ ಭಾಗವತವೇ. ಹರಿವಂಶದ ಚೌಳು ಹುಲ್ಲು ನಮ್ಮ ಜನಪ್ರಿಯ ಕಲ್ಪನೆಯೊಳಗೆ ಇಳಿಯಲೇ ಇಲ್ಲ. ಬೃಂದಾವನ ಎಂಬ ಪದ ನಮ್ಮಲ್ಲಿ ಏನಾಯಿತು ನೋಡಿ: ಮನೆಯ ಹಿತ್ತಲಲ್ಲಿ ತುಳಸಿಕಟ್ಟೆ, ಮಠಗಳಲ್ಲಿ ಯತಿಗಳ ಸಮಾಧಿ, ಕೃಷ್ಣರಾಜಸಾಗರದ ಕೆಳಗೆ ಕಾರಂಜಿ ತೋಟ. ದನ ಮೇಯುವ ಕಾಡೊಂದಕ್ಕೆ ಇದ್ದ ಹೆಸರು ಕೊನೆಗೆ ದನ ನುಗ್ಗಿದರೆ ಕಾವಲುಗಾರ ಓಡಿಸುವ ತೋಟಕ್ಕೆ ಬಂದು ನಿಂತಿತು. ಅದೇ ಅಣೆಕಟ್ಟಿನ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿ, ಜನ ಹೊಸ ಕನ್ನಂಬಾಡಿಗೆ ಹೋದರು. ಅಲ್ಲಿನ ಹೊಯ್ಸಳರ ಕಾಲದ ದೇವರು ವೇಣುಗೋಪಾಲ. ಎಷ್ಟೋ ವರ್ಷ ನೀರು ಇಳಿದಾಗ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಆ ಗುಡಿಯನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ದನ ಕಾಯುವ ದೇವರಿಗೆ ಮತ್ತೊಮ್ಮೆ ವಲಸೆ.

ಮತ್ತೆ ಹರಿವಂಶದ 9ನೆಯ ಅಧ್ಯಾಯಕ್ಕೆ ಬರುತ್ತೇನೆ. ಗಾಡಿಗಳ ಸಾಲನ್ನು ವರ್ಣಿಸುವಾಗ ಕವಿಗೆ ಉತ್ಸಾಹ ತಡೆಯುವುದಿಲ್ಲ. ತಲೆಯ ಮೇಲೆ ಗಡಿಗೆ ಹೊತ್ತ ಹೆಂಗಸರ ಸಾಲನ್ನು ನಕ್ಷತ್ರದ ಸಾಲಿಗೆ ಹೋಲಿಸುತ್ತಾನೆ, ಮೈತುಂಬ ಹಗ್ಗ ಇಳಿಬಿಟ್ಟುಕೊಂಡ ಗಂಡಸರನ್ನು ಬಿಳಲು ಬಿಟ್ಟ ಮರಗಳಿಗೆ. ಹಗ್ಗದ ಹೋಲಿಕೆ ನಗು ಬರಿಸುವಷ್ಟು ಸರಿಯಾಗಿದೆ; ಕೊಟ್ಟಿಗೆ ಖಾಲಿ ಮಾಡಿದವರಿಗೆ ಗೊತ್ತು, ಎಷ್ಟು ಗಾಡಿ ತುಂಬಿದರೂ ಕೊನೆಗೆ ಹಗ್ಗ, ಮೂಗುದಾರ, ಕಣ್ಣಿಗಳು ಹೆಗಲ ಮೇಲೇ ಉಳಿಯುತ್ತವೆ. ಬಿಟ್ಟುಬಂದ ಜಾಗದ ಕಡೆಗೂ ಅವನು ಒಮ್ಮೆ ತಿರುಗುತ್ತಾನೆ. ಕ್ಷಣದಲ್ಲಿ ಅದು ಬೆಂಗಾಡಾಯಿತು, ಚೆಲ್ಲಿದ ಚೂರುಪಾರುಗಳ ಮೇಲೆ ಕಾಗೆಗಳು ಮುತ್ತಿದವು. ವಿಷ್ಣುಪುರಾಣ ಈ ಕಾಗೆಗಳನ್ನು ಉಳಿಸಿಕೊಂಡಿದೆ. ಭಾಗವತದ ಗಾಡಿಗಳಿಂದ ಯಾರೂ ಹಿಂದೆ ನೋಡುವುದಿಲ್ಲ.

ಹೊಸ ಜಾಗದಲ್ಲಿ ಗಾಡಿಗಳನ್ನು ಸುತ್ತ ನಿಲ್ಲಿಸಿ, ಮುಳ್ಳುಕೊಂಬೆಗಳ ಬೇಲಿ ಹಾಕುತ್ತಾರೆ. ನಮ್ಮ ಚಿತ್ರದುರ್ಗ, ತುಮಕೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಿಗೂ ಹೀಗೆಯೇ ಮುಳ್ಳುಬೇಲಿ ಇರುತ್ತಿತ್ತು. ಕಡೆಗೋಲುಗಳನ್ನು ನಿಲ್ಲಿಸುತ್ತಾರೆ, ಹಗ್ಗ ಕಟ್ಟುತ್ತಾರೆ, ಗೂಟ ಹೊಡೆಯುತ್ತಾರೆ, ಮಲಗುವ ಚಾಪೆ ಹಾಸುತ್ತಾರೆ. ಹೆಂಗಸರು ನೀರು ಸೇದಿ ತರುತ್ತಾ ಆ ಕಾಡನ್ನು ನೋಡುತ್ತಾರೆ. ಹುಡುಗರು, ಮುದುಕರು ಎನ್ನದೆ ಗಂಡಸರೆಲ್ಲ ಆಗಲೇ ಕೊಡಲಿ ಹಿಡಿದು ಕೆಲಸಕ್ಕೆ ಇಳಿದಿದ್ದಾರೆ. ಒಣಸೌದೆಯನ್ನಷ್ಟೇ ಅಲ್ಲ, ನಿಂತ ಮರಗಳನ್ನೂ ಕಡಿಯುತ್ತಿದ್ದಾರೆ ಎಂದು ಕವಿ ಹೇಳುತ್ತಾನೆ.